ಇನ್ನೆಷ್ಟು ಉಳಿದಿದೆ?

(ಸಿನಿಮಾ ಆಸಕ್ತರ ಕೂಟವೊಂದರಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಾತಿನ ಧಾಟಿ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ. ಇವತ್ತು ನಾನು ಮಾತಾಡುವ ಸಿನಿಮಾಗಳ ಗುಟ್ಟೆಲ್ಲ ರಟ್ಟು ಮಾಡುತ್ತೇನೆ. ನೋಡದೇ ಇರುವವರು ಬೇಕಿದ್ದರೆ ಕಿವಿ ಮುಚ್ಚಿಕೊಳ್ಳಿ. ಆದರೆ ಅಂತರಿಕ್ಷದ ಒಳ್ಳೆಯ ಸಿನಿಮಾಕ್ಕೆ ಕಥೆ ಮೊದಲೇ ಗೊತ್ತಿದ್ದರೂ ಏನೂ ನಷ್ಟವಿಲ್ಲ ಅಂತ ನನ್ನ ನಂಬಿಕೆ. ಯಾಕೆ ಅನ್ನೋದನ್ನು ಹೇಳೋಕೇ ಬಂದಿದ್ದೇನೆ.

ನೇರವಾಗಿ ಒಂದು ದೃಶ್ಯಕ್ಕೆ ಹೋಗೋಣ. 2007ರಲ್ಲಿ ಬಂದ ‘ಸನ್‌ಶೈನ್’, ಡ್ಯಾನಿ ಬಾಯ್ಲ್ ನಿರ್ದೇಶನ. ಸೂರ್ಯ ಆರುತ್ತಾ ಬಂದಿದ್ದಾನೆ. ಅವನನ್ನು ಮತ್ತೆ ಹೊತ್ತಿಸಲು ಎಂಟು ಜನ ಒಂದು ಭಾರೀ ಬಾಂಬ್ ತೆಗೆದುಕೊಂಡು ಹೊರಟಿದ್ದಾರೆ. ಸೂರ್ಯನ ಮುಂದೆ ನಮ್ಮ ಬಾಂಬ್ ಯಾವ ಲೆಕ್ಕ ಅಂತ ಕೇಳಬೇಡಿ, ಆ ಮಾತು ಆಮೇಲೆ. ಅವರ ನೌಕೆಯೊಳಗೆ ಒಂದು ತೋಟ ಇದೆ. ಉಸಿರಾಡುವ ಆಮ್ಲಜನಕ ಬರುವುದು ಆ ಗಿಡಗಳಿಂದ. ಆ ತೋಟ ಸುಟ್ಟುಹೋಗುತ್ತದೆ. ಜನ ಒಬ್ಬೊಬ್ಬರಾಗಿ ಸಾಯುತ್ತಾರೆ. ಉಳಿದ ಗಾಳಿ ಗುರಿ ಮುಟ್ಟುವವರೆಗೆ ನಾಲ್ಕು ಜನಕ್ಕೆ ಸಾಕು, ಐದು ಜನಕ್ಕೆ ಸಾಲದು. ಕಡೆಗೆ ನಾಲ್ಕೇ ಜನ ಉಳಿಯುತ್ತಾರೆ. ಸರಿ, ಲೆಕ್ಕ ಸರಿಹೋಯಿತು ಅಂತ ನಾವೂ ನಿಟ್ಟುಸಿರು ಬಿಡುತ್ತೇವೆ.

ಆಗ ನೌಕೆಯ ಕಂಪ್ಯೂಟರ್ ಹೇಳುತ್ತದೆ, ಗಾಳಿ ಸಾಲುವುದಿಲ್ಲ, ಗುರಿ ಮುಟ್ಟುವ ಮೊದಲೇ ನೀವೆಲ್ಲ ಸಾಯುತ್ತೀರಿ ಅಂತ. ನಾಯಕ ವಾದ ಮಾಡುತ್ತಾನೆ. ನಾವು ನಾಲ್ಕು ಜನ, ನಾಲ್ಕು ಜನಕ್ಕೆ ಸಾಕಲ್ಲ? ಹೌದು, ನಾಲ್ಕು ಜನಕ್ಕೆ ಸಾಕು, ಆದರೆ ನೀವಿರುವುದು ಐದು ಜನ ಅನ್ನುತ್ತದೆ ಕಂಪ್ಯೂಟರ್. ಅವನು ಹೆಸರು ಹಿಡಿದು ಎಣಿಸುತ್ತಾನೆ. ಅದು ಒಪ್ಪುವುದಿಲ್ಲ. ಐದನೆಯವರು ಎಲ್ಲಿದ್ದಾರೆ? ಸೂರ್ಯನನ್ನು ನೋಡುವ ಕೋಣೆಯಲ್ಲಿ. ಯಾರವರು? ಗೊತ್ತಿಲ್ಲ.

ಮೊದಲ ಸಲ ನೋಡಿದಾಗ ನನಗೆ ಮೈ ಜುಮ್ಮೆಂದಿತು. ಗಮನಿಸಿ, ಇಲ್ಲಿ ರಕ್ತ ಇಲ್ಲ, ನೆರಳು ಓಡಾಡುವುದಿಲ್ಲ, ಯಾರೂ ಕಿರುಚುವುದಿಲ್ಲ. ಒಂದು ಕೂಡುವ ಲೆಕ್ಕ ತಾಳೆಯಾಗಲಿಲ್ಲ, ಅಷ್ಟೇ. ಯಾರೋ ಒಬ್ಬರು ಜಾಸ್ತಿ ಉಸಿರಾಡುತ್ತಿದ್ದಾರೆ.

ಅಲ್ಲಿಂದ ಮುಂದೆ ಆ ಸಿನಿಮಾ ಏನಾಗುತ್ತದೆ? ಐದನೆಯವನು ಚಾಕು ಹಿಡಿದು ಅಟ್ಟಿಸಿಕೊಂಡು ಬರುತ್ತಾನೆ. ನನ್ನ ಮಟ್ಟಿಗೆ ಬಿಗಿ ಸಡಿಲವಾಗಿದ್ದು ಅಲ್ಲೇ. ಚಾಕು ಹಿಡಿದವನು ಯಾವ ಊರಿನಲ್ಲಾದರೂ ಅಟ್ಟಿಸಿಕೊಂಡು ಬರಬಹುದು. ಅದಕ್ಕೆ ಸೂರ್ಯನವರೆಗೆ ಹೋಗಬೇಕಿತ್ತಾ? ಗಾಳಿಯ ಲೆಕ್ಕ ಕೊಟ್ಟ ಹೆದರಿಕೆಯ ಕಾಲು ಭಾಗವನ್ನೂ ಆ ಚಾಕು ಕೊಡಲಿಲ್ಲ.

ಇವತ್ತು ನಾನು ಹೇಳಬೇಕಾದ ಒಂದೇ ಮಾತು ಇದರಲ್ಲೇ ಇದೆ. ಅಂತರಿಕ್ಷದ ಸಿನಿಮಾ ನಮ್ಮ ಉಸಿರು ಹಿಡಿಸುವುದು ಸ್ಫೋಟದಿಂದ ಅಲ್ಲ, ರಾಕ್ಷಸನಿಂದಲೂ ಅಲ್ಲ. ಒಂದು ಪ್ರಶ್ನೆಯಿಂದ. ಇನ್ನೆಷ್ಟು ಉಳಿದಿದೆ? ಗಾಳಿ ಎಷ್ಟು, ಬ್ಯಾಟರಿ ಎಷ್ಟು, ನೀರೆಷ್ಟು, ಹೊತ್ತೆಷ್ಟು. ಭೂಮಿಯ ಮೇಲೆ ಇವ್ಯಾವುದನ್ನೂ ನಾವು ದಿನಾ ಎಣಿಸುವುದಿಲ್ಲ. ಗಾಳಿಯನ್ನಂತೂ ಎಣಿಸುವುದೇ ಇಲ್ಲ.

ಹಾಗೆ ನೋಡಿದರೆ, ಹಿಂದಕ್ಕೆ ಎಣಿಸುವ ಅಭ್ಯಾಸವನ್ನು ರಾಕೆಟ್‌ಗೆ ಅಂಟಿಸಿದ್ದೇ ಸಿನಿಮಾ. 1929ರಲ್ಲಿ ಜರ್ಮನಿಯಲ್ಲಿ ಫ್ರಿಟ್ಸ್ ಲಾಂಗ್ ಅವರು ‘ಫ್ರೌ ಇಮ್ ಮೋಂಡ್’ ಅಂತ ಒಂದು ಚಿತ್ರ ಮಾಡಿದರು. ಚಂದ್ರನ ಮೇಲೆ ಒಬ್ಬ ಹೆಂಗಸು ಅಂತ ಅರ್ಥ. ಹರ್ಮನ್ ಓಬರ್ತ್ ಎಂಬ ರಾಕೆಟ್ ವಿಜ್ಞಾನಿ ಅದಕ್ಕೆ ಸಲಹೆಗಾರರಾಗಿದ್ದರು. ಮೂಕಿ ಚಿತ್ರ. ರಾಕೆಟ್ ಯಾವಾಗ ಹಾರುತ್ತದೆ ಅಂತ ಬಾಯಲ್ಲಿ ಹೇಳುವ ಹಾಗಿಲ್ಲ. ಒಂದು, ಎರಡು, ಮೂರು ಅಂತ ಎಣಿಸುತ್ತಾ ಹೋದರೆ ನೋಡುವವರಿಗೆ ಎಲ್ಲಿ ನಿಲ್ಲುತ್ತದೆ ಅಂತ ಗೊತ್ತಾಗಲ್ಲ. ಅದಕ್ಕೇ ಪರದೆಯ ಮೇಲೆ ಅಂಕಿಗಳನ್ನು ಉಲ್ಟಾ ತೋರಿಸಿದರು. ನಿಜವಾದ ರಾಕೆಟ್ ಉಡಾವಣೆಗಳಲ್ಲಿ ಈ ಎಣಿಕೆ ರೂಢಿಗೆ ಬಂದದ್ದು ಆಮೇಲೆ. ಸೊನ್ನೆ ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೂ ಮೂರು, ಎರಡು ಅನ್ನುವಾಗ ಎದೆ ಹೊಡೆದುಕೊಳ್ಳುತ್ತದೆ, ಅಲ್ವಾ?

ಕಥೆ ಗೊತ್ತಿದ್ದರೂ ನಷ್ಟವಿಲ್ಲ ಅಂದೆನಲ್ಲ, ಅದಕ್ಕೆ ಗಟ್ಟಿ ಸಾಕ್ಷಿ 1995ರ ‘ಅಪೊಲೊ 13’. ರಾನ್ ಹೊವಾರ್ಡ್ ನಿರ್ದೇಶನದ ಈ ಚಿತ್ರ ಕಟ್ಟುಕಥೆಯಲ್ಲ, ಇತಿಹಾಸ. ಮೂವರೂ ಬದುಕಿ ಬಂದರು ಅನ್ನೋದು ಟಿಕೆಟ್ ಕೊಳ್ಳುವ ಮೊದಲೇ ಜನಕ್ಕೆ ಗೊತ್ತಿತ್ತು. ಆದರೂ ಜನ ಉಸಿರು ಬಿಗಿಹಿಡಿದು ಕೂತರು.

ನಡೆದದ್ದು ಇಷ್ಟು. 1970ರ ಏಪ್ರಿಲ್ 11ರಂದು ಜಿಮ್ ಲೊವೆಲ್, ಜಾಕ್ ಸ್ವಿಗರ್ಟ್, ಫ್ರೆಡ್ ಹೈಸ್ ಚಂದ್ರನ ಕಡೆ ಹೊರಟರು. ಎರಡು ದಿನ ಕಳೆದ ಮೇಲೆ, ಭೂಮಿಯಿಂದ ಸುಮಾರು 3,20,000 ಕಿಲೋಮೀಟರ್ ದೂರದಲ್ಲಿ, ಒಂದು ಆಮ್ಲಜನಕದ ಟ್ಯಾಂಕ್ ಸಿಡಿಯಿತು. ಆ ಆಮ್ಲಜನಕ ಬರೀ ಉಸಿರಿಗಲ್ಲ. ನೌಕೆಯ ವಿದ್ಯುತ್ ತಯಾರಾಗುತ್ತಿದ್ದದ್ದು ಅದರಿಂದಲೇ. ವಿದ್ಯುತ್ ತಯಾರಾಗುವಾಗ ಹುಟ್ಟುವ ನೀರನ್ನೇ ಕುಡಿಯುತ್ತಿದ್ದರು. ಅಂದರೆ ಒಂದು ಏಟಿಗೆ ಗಾಳಿ, ಕರೆಂಟು, ನೀರು ಮೂರೂ ಹೋದವು.

ಮೂವರೂ ಚಂದ್ರನ ಮೇಲೆ ಇಳಿಯಲು ಇಟ್ಟಿದ್ದ ಪುಟ್ಟ ನೌಕೆಗೆ ದಾಟಿದರು. ಅದನ್ನು ಮಾಡಿದ್ದು ಇಬ್ಬರಿಗೆ, ಅದೂ ಎರಡು ದಿನಕ್ಕೆ. ಈಗ ಮೂವರು, ನಾಲ್ಕು ದಿನ. ದೀಪ, ಬಿಸಿ, ಕಂಪ್ಯೂಟರ್ ಎಲ್ಲ ಆರಿಸಿದರು. ಒಳಗೆ ಚಳಿ 3–4 ಡಿಗ್ರಿಗೆ ಇಳಿಯಿತು. ಕುಡಿಯುವ ನೀರು ತಲೆಗೆ ದಿನಕ್ಕೆ ಒಂದು ಲೋಟಕ್ಕಿಂತಲೂ ಕಮ್ಮಿ.

ಆಮೇಲೆ ಆ ಚೌಕದ ಡಬ್ಬಿಯ ಕಥೆ. ಮೂವರು ಬಿಟ್ಟ ಉಸಿರಿನಿಂದ ಇಂಗಾಲದ ಡೈಆಕ್ಸೈಡ್ ಏರುತ್ತಿತ್ತು. ಅದನ್ನು ಹೀರುವ ಡಬ್ಬಿಗಳು ದೊಡ್ಡ ನೌಕೆಯಲ್ಲಿ ಬೇಕಾದಷ್ಟು ಇದ್ದವು. ಆದರೆ ಅವು ಚೌಕ. ಪುಟ್ಟ ನೌಕೆಯ ಕಂಡಿ ದುಂಡಗೆ. ಸಿನಿಮಾದಲ್ಲಿ ಒಬ್ಬ ಎಂಜಿನಿಯರ್ ಬರುತ್ತಾನೆ. ನೌಕೆಯಲ್ಲಿ ಇರುವಂಥದೇ ಸಾಮಾನುಗಳನ್ನು ಮೇಜಿನ ಮೇಲೆ ದಬದಬ ಸುರಿಯುತ್ತಾನೆ. ಇದನ್ನು ಇದರೊಳಗೆ ಕೂರಿಸಬೇಕು, ಇಷ್ಟರಲ್ಲೇ ಆಗಬೇಕು ಅನ್ನುತ್ತಾನೆ. ಪ್ಲಾಸ್ಟಿಕ್ ಚೀಲ, ಕೈಪಿಡಿಯ ರಟ್ಟು, ಸ್ಪೇಸ್ ಸೂಟಿನ ಪೈಪು, ಅಂಟುಪಟ್ಟಿ. ನಿಜವಾಗಿ ಬಳಸಿದ್ದೂ ಅವನ್ನೇ. ಹೊರಗೆ ಇಷ್ಟು ದೊಡ್ಡ ಬ್ರಹ್ಮಾಂಡ ಇದೆ, ಪರದೆ ತುಂಬ ತೋರಿಸಬಹುದಿತ್ತು. ಕ್ಯಾಮೆರಾ ನೋಡುತ್ತಿರುವುದು ರಟ್ಟು ಮತ್ತು ಟೇಪನ್ನು! ನಾವೂ ಕಣ್ಣು ಮಿಟುಕಿಸದೆ ಅದನ್ನೇ ನೋಡುತ್ತೇವೆ.

ಒಂದು ಸಣ್ಣ ವ್ಯಾಕರಣದ ವಿಷಯ. ಟ್ಯಾಂಕ್ ಸಿಡಿದಾಗ ಸ್ವಿಗರ್ಟ್, ಆಮೇಲೆ ಲೊವೆಲ್, ಹ್ಯೂಸ್ಟನ್‌ನಲ್ಲಿದ್ದ ನಿಯಂತ್ರಣ ಕೇಂದ್ರಕ್ಕೆ ಹೇಳಿದ್ದು ‘ನಮಗೊಂದು ತೊಂದರೆ ಆಯಿತು’ ಅನ್ನುವ ಧಾಟಿಯಲ್ಲಿ. ನಡೆದು ಮುಗಿದದ್ದನ್ನು ವರದಿ ಮಾಡುವ ಹಾಗೆ. ಸಿನಿಮಾ ಅದನ್ನು ‘ನಮಗೊಂದು ತೊಂದರೆ ಇದೆ’ ಅಂತ ಮಾಡಿತು. ಇವತ್ತು ಎಲ್ಲರ ಬಾಯಲ್ಲಿ ಇರುವುದು ಸಿನಿಮಾದ ಮಾತೇ. ‘ಆಯಿತು’ ಅಂದರೆ ಲೆಕ್ಕ ಮುಗಿಯಿತು. ‘ಇದೆ’ ಅಂದರೆ ಲೆಕ್ಕ ಈಗ ಶುರು. ಬರೆದವರು ಜಾಣರು.

ಆದರೆ ಆ ಟ್ಯಾಂಕ್ ಯಾಕೆ ಸಿಡಿಯಿತು ಅನ್ನೋದು ನನ್ನನ್ನು ಸಿನಿಮಾಕ್ಕಿಂತ ಜಾಸ್ತಿ ಕಾಡುತ್ತದೆ. ಟ್ಯಾಂಕಿನೊಳಗೆ ಒಂದು ಹೀಟರ್. ಅದು ಮಿತಿಮೀರಿ ಬಿಸಿಯಾದರೆ ಆರಿಸಲು ಒಂದು ಸಣ್ಣ ಸ್ವಿಚ್. ಆ ಸ್ವಿಚ್ ಮಾಡಿದ್ದು 28 ವೋಲ್ಟಿಗೆ. ಉಡಾವಣೆಗೆ ಮುಂಚೆ ನೆಲದ ಮೇಲೆ ಕೊಟ್ಟದ್ದು 65 ವೋಲ್ಟ್. ಸ್ವಿಚ್ ಬೆಸೆದುಕೊಂಡು ಕೂತುಬಿಟ್ಟಿತು. ಹೀಟರ್ ಗಂಟೆಗಟ್ಟಲೆ ಉರಿಯಿತು. ಒಳಗಿನ ತಂತಿಗಳ ಹೊದಿಕೆ ಸುಟ್ಟುಹೋಯಿತು. ಅಲ್ಲಿ ನಿಂತವರು ಮಾಪಕ ನೋಡಲಿಲ್ಲವಾ? ನೋಡಿದರು. ಆದರೆ ಆ ಮಾಪಕದ ಮುಳ್ಳು ಸುಮಾರು 30 ಡಿಗ್ರಿಗಿಂತ ಮೇಲೆ ಹೋಗುವ ಹಾಗೇ ಇರಲಿಲ್ಲ. ಒಳಗೆ 500 ಡಿಗ್ರಿ ಇದ್ದರೂ ಮುಳ್ಳು ಅಲ್ಲೇ ನಿಂತಿತ್ತು.

ಲೆಕ್ಕ ಹೆದರಿಸುವುದು ಒಂದು ಬಗೆ. ಲೆಕ್ಕವೇ ಸುಳ್ಳು ಹೇಳುವುದು ಇನ್ನೊಂದು ಬಗೆ. ಇದನ್ನು ನೆನಪಿಡಿ, ಮತ್ತೆ ಬರುತ್ತೇನೆ.

ಈಗ ‘ಗ್ರಾವಿಟಿ’. 2013, ಅಲ್ಫೊನ್ಸೊ ಕ್ವಾರೊನ್. ಉಪಗ್ರಹಗಳ ಚೂರುಗಳು ಬಡಿದು ನೌಕೆ ಹಾಳಾಗುತ್ತದೆ. ಇದು ಪೂರಾ ಕಲ್ಪನೆಯಲ್ಲ. ಒಂದು ಡಿಕ್ಕಿಯ ಚೂರುಗಳು ಇನ್ನೊಂದಕ್ಕೆ ಬಡಿದು, ಅದರ ಚೂರುಗಳು ಮತ್ತೊಂದಕ್ಕೆ ಬಡಿದು ಸರಪಳಿಯಂತೆ ಬೆಳೆಯಬಹುದು ಅಂತ ನಾಸಾದ ವಿಜ್ಞಾನಿ ಡೊನಾಲ್ಡ್ ಕೆಸ್ಲರ್ 1978ರಲ್ಲೇ ಬರೆದಿದ್ದರು. 2009ರ ಫೆಬ್ರವರಿಯಲ್ಲಿ ಇರಿಡಿಯಂ 33 ಮತ್ತು ಕಾಸ್ಮೋಸ್ 2251 ಎಂಬ ಎರಡು ಉಪಗ್ರಹಗಳು ನಿಜವಾಗಿಯೂ ಢಿಕ್ಕಿ ಹೊಡೆದವು.

ಸಿನಿಮಾದಲ್ಲಿ ಚೂರುಗಳು 90 ನಿಮಿಷಕ್ಕೊಮ್ಮೆ ತಿರುಗಿ ಬರುತ್ತವೆ. ನಾಯಕಿ ಗಡಿಯಾರದಲ್ಲಿ 90 ನಿಮಿಷ ಇಟ್ಟುಕೊಳ್ಳುತ್ತಾಳೆ. ಅಲ್ಲಿಗೆ ಒಂದು ಲೆಕ್ಕ ಆಯಿತು. ಇನ್ನೊಂದು ಲೆಕ್ಕ ಅವಳ ಸೂಟಿನ ಆಮ್ಲಜನಕ. ಅವಳು ಗಾಬರಿಯಾಗಿ ಜೋರಾಗಿ ಉಸಿರಾಡುತ್ತಿದ್ದಾಳೆ. ಗಟಗಟ ಎಳೆಯಬೇಡ, ಗುಟುಕು ಗುಟುಕಾಗಿ ತಗೋ ಅಂತ ಜೊತೆಗಾರ ಹೇಳುತ್ತಾನೆ. ಹೆದರಿಕೊಂಡಷ್ಟೂ ಉಸಿರು ಜಾಸ್ತಿ. ಉಸಿರು ಜಾಸ್ತಿಯಾದಷ್ಟೂ ಗಾಳಿ ಕಮ್ಮಿ. ಗಾಳಿ ಕಮ್ಮಿಯಾದಷ್ಟೂ ಹೆದರಿಕೆ ಜಾಸ್ತಿ. ಹೆದರಿಕೆಗೇ ಬೆಲೆ ತೆರಬೇಕಾದ ಜಾಗ ಅದು. ಥಿಯೇಟರಿನಲ್ಲಿ ನನ್ನ ಪಕ್ಕ ಕೂತವರು ಸಣ್ಣಗೆ ಉಸಿರಾಡುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು. ಅವಳಿಗೆ ಉಳಿಸಿಕೊಡುವವರ ಹಾಗೆ.

ಅದು ಕೇಳಿಸಿದ್ದಕ್ಕೆ ಕಾರಣ ಪರದೆಯ ಮೇಲೆ ಸದ್ದು ಇಲ್ಲದಿದ್ದದ್ದು. ನಿರ್ವಾತದಲ್ಲಿ ಸದ್ದು ಹರಿಯುವುದಿಲ್ಲ. ಈ ಸಿನಿಮಾ ಅದಕ್ಕೆ ಹೆಚ್ಚುಕಮ್ಮಿ ನಿಷ್ಠವಾಗಿದೆ. ನಾಯಕಿ ಕೈಯಿಂದ ಮುಟ್ಟಿದ್ದರ ಅದುರುವಿಕೆ ಮಾತ್ರ ಅವಳ ಸೂಟಿನ ಮೂಲಕ ಮಂದವಾಗಿ ಕೇಳಿಸುತ್ತದೆ. ಹಿಂದೆ ಇಡೀ ನಿಲ್ದಾಣ ಚೂರುಚೂರಾಗುತ್ತಿದೆ, ಒಂದು ಸದ್ದಿಲ್ಲ. ಇದೇ ಕೆಲಸವನ್ನು 1968ರಲ್ಲೇ ‘2001: ಎ ಸ್ಪೇಸ್ ಒಡಿಸ್ಸಿ’ ಮಾಡಿತ್ತು. ಅಲ್ಲಿ ಹೆಲ್ಮೆಟ್ಟಿನೊಳಗಿನ ಉಸಿರು ಮಾತ್ರ ನಿಮಿಷಗಟ್ಟಲೆ ಕೇಳಿಸುತ್ತದೆ. ಆಮೇಲೆ ಅದೂ ನಿಲ್ಲುತ್ತದೆ.

ಈಗ ತಪ್ಪುಗಳ ಮಾತು. ಸೂರ್ಯನ ಬಾಂಬಿನ ವಿಷಯ ಆಮೇಲೆ ಅಂದಿದ್ದೆನಲ್ಲ. ಇಂಥ ಸಿನಿಮಾ ನೋಡಿ ಹೊರಬಂದ ತಕ್ಷಣ ಅದು ತಪ್ಪು, ಇದು ತಪ್ಪು ಅಂತ ಪಟ್ಟಿ ಮಾಡುವವರು ಇರುತ್ತಾರೆ. ನಾನೂ ಅವರಲ್ಲಿ ಒಬ್ಬ. ಆದರೆ ಎಲ್ಲ ತಪ್ಪೂ ಒಂದೇ ಅಲ್ಲ.

2015ರ ‘ದಿ ಮಾರ್ಷಿಯನ್’ ಶುರುವಾಗುವುದೇ ಮಂಗಳದ ಒಂದು ಭಯಂಕರ ಬಿರುಗಾಳಿಯಿಂದ. ಅಲ್ಲಿ ಅಂಥ ಗಾಳಿ ಬೀಸಲು ಸಾಧ್ಯವೇ ಇಲ್ಲ. ಮಂಗಳದ ಗಾಳಿಯ ಒತ್ತಡ ನಮ್ಮದರ ನೂರಕ್ಕೆ ಒಂದು ಪಾಲೂ ಇಲ್ಲ. ಗಂಟೆಗೆ 100 ಕಿಲೋಮೀಟರ್ ವೇಗದ ಗಾಳಿಯೂ ತಂಗಾಳಿಯಷ್ಟೇ ನೂಕುತ್ತದೆ. ಮೂಲ ಕಾದಂಬರಿ ಬರೆದ ಆಂಡಿ ವಿಯರ್ ಇದನ್ನು ತಾವೇ ಒಪ್ಪಿಕೊಂಡಿದ್ದಾರೆ. ನನಗೆ ಇದು ಅಡ್ಡಿಯಿಲ್ಲ. ಒಬ್ಬನನ್ನು ಅಲ್ಲಿ ಒಂಟಿ ಮಾಡಬೇಕಿತ್ತು, ಮಾಡಿದರು. ಆಮೇಲೆ ಅವನು ಅಲ್ಲಿ ಬೆಳೆದು ತಿನ್ನುವ ಆಲೂಗಡ್ಡೆ ಎಷ್ಟು, ಅದು ಎಷ್ಟು ದಿನಕ್ಕೆ ಅನ್ನುವ ಲೆಕ್ಕವನ್ನು ಕಥೆ ಮರೆಯುವುದಿಲ್ಲ. ‘ಸನ್‌ಶೈನ್’ನ ಬಾಂಬ್ ಕೂಡ ಹಾಗೇ. ಬಾಗಿಲು ತೆರೆಯಲು ಹೇಳಿದ ಸುಳ್ಳು.

‘ಗ್ರಾವಿಟಿ’ಯಲ್ಲಿ ಒಂದು ಹಗ್ಗದ ದೃಶ್ಯ ಇದೆ. ನಾಯಕಿಯ ಕಾಲಿಗೆ ಹಗ್ಗ ಸಿಕ್ಕಿಕೊಂಡಿದೆ. ಅವಳ ಕೈಯಲ್ಲಿ ಜೊತೆಗಾರ. ನನ್ನನ್ನು ಬಿಡು, ಇಲ್ಲದಿದ್ದರೆ ಇಬ್ಬರೂ ಹೋಗುತ್ತೇವೆ ಅನ್ನುತ್ತಾನೆ. ಕೊಂಡಿ ಕಳಚಿಕೊಂಡು ದೂರ ತೇಲಿಹೋಗುತ್ತಾನೆ. ಆದರೆ ಅಷ್ಟೊತ್ತಿಗೆ ಇಬ್ಬರೂ ನಿಂತಾಗಿತ್ತಲ್ಲ? ಅವನನ್ನು ಎಳೆಯುತ್ತಿದ್ದದ್ದು ಯಾವುದು? ಸಣ್ಣಗೆ ಒಮ್ಮೆ ಎಳೆದಿದ್ದರೆ ಅವನೇ ತೇಲಿಕೊಂಡು ಹತ್ತಿರ ಬರುತ್ತಿದ್ದ. ಹಬಲ್ ದೂರದರ್ಶಕದ ಹತ್ತಿರದಿಂದ ಬಾಹ್ಯಾಕಾಶ ನಿಲ್ದಾಣಕ್ಕೆ ಹಾರಿ ಹೋಗುವುದೂ ಆಗದ ಮಾತು, ಎರಡರ ಕಕ್ಷೆಯೇ ಬೇರೆ. ಅದನ್ನು ನಾನು ಕ್ಷಮಿಸಿದ್ದೇನೆ. ಹಗ್ಗವನ್ನು ಕ್ಷಮಿಸಿಲ್ಲ. ಯಾಕೆಂದರೆ ಅಲ್ಲಿ ಒಂದು ಜೀವ ಖರ್ಚಾಯಿತು. ಖರ್ಚಿನ ಚೀಟಿಯಲ್ಲಿ ತಪ್ಪು ಲೆಕ್ಕ ಬರೆಯಬಾರದು.

ಹೊತ್ತಿನ ಲೆಕ್ಕದಲ್ಲಿ ಎಲ್ಲರನ್ನೂ ಮೀರಿಸಿದ್ದು 2014ರ ‘ಇಂಟರ್‌ಸ್ಟೆಲ್ಲರ್’. ಕಪ್ಪುಕುಳಿಯ ಪಕ್ಕದ, ನೀರು ತುಂಬಿದ ಒಂದು ಗ್ರಹ. ಅಲ್ಲಿ ಒಂದು ಗಂಟೆ ಕಳೆದರೆ ಭೂಮಿಯಲ್ಲಿ ಏಳು ವರ್ಷ. ಗುರುತ್ವ ಹೆಚ್ಚಿದ್ದಲ್ಲಿ ಕಾಲ ನಿಧಾನ ಅನ್ನುವ ತತ್ವ ನಿಜ. ಅದಕ್ಕೆ ಭೌತವಿಜ್ಞಾನಿ ಕಿಪ್ ಥಾರ್ನ್ ಅವರ ಸಲಹೆ ಇತ್ತು. ನಾನು ಮನೆಗೆ ಹೋಗಿ ಸುಮ್ನೆ ಭಾಗಾಕಾರ ಮಾಡಿ ನೋಡಿದೆ. ಅಲ್ಲಿನ ಒಂದು ಸೆಕೆಂಡ್ ಅಂದರೆ ಇಲ್ಲಿನ 17 ಗಂಟೆ. ನೀರಿನಲ್ಲಿ ಒಬ್ಬಳು ತಿರುಗಿ ನೋಡಲು ತಗೊಳ್ಳುವ ಎರಡು ಸೆಕೆಂಡಿನಲ್ಲಿ ಭೂಮಿಯಲ್ಲಿ ಒಂದು ದಿನಕ್ಕಿಂತ ಜಾಸ್ತಿ ಸರಿದಿರುತ್ತದೆ. ವಾಪಸು ಬಂದಾಗ 23 ವರ್ಷ ಹೋಗಿದೆ. ನಾಯಕ ಕೂತು ಮಕ್ಕಳ ಹಳೆಯ ವಿಡಿಯೊಗಳನ್ನು ಒಂದೊಂದಾಗಿ ನೋಡುತ್ತಾನೆ. ಆ ದೃಶ್ಯದಲ್ಲಿ ಅಪಾಯವೇ ಇಲ್ಲ. ಕೊಟ್ಟಾಗಿರುವ ಬಿಲ್ಲು ಅದು.

ನಿಜ ಜೀವನದಲ್ಲಿ ಇದರ ಸಣ್ಣ ರೂಪ ಮಂಗಳದ ಸಂದೇಶಗಳು. ಅಲ್ಲಿಂದ ಇಲ್ಲಿಗೆ ರೇಡಿಯೊ ಸಂದೇಶ ಬರಲು 3ರಿಂದ 22 ನಿಮಿಷ ಬೇಕು, ಎರಡೂ ಗ್ರಹ ಎಲ್ಲೆಲ್ಲಿವೆ ಅನ್ನುವುದರ ಮೇಲೆ. 2012ರ ಆಗಸ್ಟಿನಲ್ಲಿ ನಾಸಾದ ಕ್ಯೂರಿಯಾಸಿಟಿ ಎಂಬ ಗಾಡಿ ಮಂಗಳದ ಮೇಲೆ ಇಳಿದಾಗ ಅದು ಸುಮಾರು 14 ನಿಮಿಷ ಇತ್ತು. ಇಳಿಯಲು ಬೇಕಾದದ್ದು 7 ನಿಮಿಷ. ಅಂದರೆ ‘ಈಗ ಮಂಗಳದ ಗಾಳಿ ಹೊಕ್ಕೆ’ ಅನ್ನುವ ಸುದ್ದಿ ಭೂಮಿಗೆ ಮುಟ್ಟುವ ಹೊತ್ತಿಗೆ, ಗಾಡಿ ನೆಲದ ಮೇಲೆ ಸರಿಯಾಗಿ ನಿಂತೋ, ಚೂರಾಗಿ ಬಿದ್ದೋ 7 ನಿಮಿಷ ಆಗಿಹೋಗಿತ್ತು. ಪರದೆಯ ಮುಂದೆ ಕೂತ ಎಂಜಿನಿಯರುಗಳು ಮುಗಿದುಹೋದ ಕಥೆಯನ್ನು ಉಸಿರು ಹಿಡಿದು ನೋಡುತ್ತಿದ್ದರು. ಥಿಯೇಟರಿನಲ್ಲಿ ನಾವು ಕೂರುವ ಹಾಗೆಯೇ.

ಸುಳ್ಳು ಹೇಳುವ ಲೆಕ್ಕಕ್ಕೆ ಮತ್ತೆ ಬರುತ್ತೇನೆ ಅಂದಿದ್ದೆ. ‘ಗ್ರಾವಿಟಿ’ ಥಿಯೇಟರಿಗೆ ಬರುವುದಕ್ಕೆ ಕೆಲವೇ ತಿಂಗಳ ಮುಂಚೆ, 2013ರ ಜುಲೈ 16ರಂದು, ಇಟಲಿಯ ಗಗನಯಾತ್ರಿ ಲೂಕಾ ಪರ್ಮಿಟಾನೊ ಬಾಹ್ಯಾಕಾಶ ನಿಲ್ದಾಣದಿಂದ ಹೊರಗಿಳಿದಿದ್ದರು. ಮುಕ್ಕಾಲು ಗಂಟೆ ಆದ ಮೇಲೆ ತಲೆಯ ಹಿಂದೆ ಒದ್ದೆ ಒದ್ದೆ ಅನಿಸಿತು. ಒಂದು ವಾರದ ಹಿಂದಿನ ಬಾಹ್ಯಾಕಾಶ ನಡಿಗೆಯಲ್ಲೂ ಹೆಲ್ಮೆಟ್ಟಿನಲ್ಲಿ ನೀರು ಸಿಕ್ಕಿತ್ತು. ಕುಡಿಯುವ ನೀರಿನ ಚೀಲ ಸೋರಿರಬೇಕು ಅಂತ ಎಲ್ಲರೂ ಅಂದುಕೊಂಡಿದ್ದರು. ಈಗಲೂ ಹಾಗೇ ಅಂದುಕೊಂಡರು. ಚೀಲದಲ್ಲಿ ಉಳಿದದ್ದನ್ನು ಅವರು ಕುಡಿದೇಬಿಟ್ಟರು. ಆದರೂ ನೀರು ಏರುತ್ತಲೇ ಇತ್ತು.

ಅದು ಬರುತ್ತಿದ್ದದ್ದು ಚೀಲದಿಂದ ಅಲ್ಲ. ಸೂಟನ್ನು ತಂಪಾಗಿಡುವ ವ್ಯವಸ್ಥೆಯಲ್ಲಿ ಎಲ್ಲೋ ಕಟ್ಟಿಕೊಂಡು, ಅಲ್ಲಿಯ ನೀರು ಗಾಳಿಯ ದಾರಿಗೆ ನುಗ್ಗಿತ್ತು.

ಅಲ್ಲಿ ನೀರು ಕೆಳಕ್ಕೆ ಇಳಿಯುವುದಿಲ್ಲ. ಲೋಳೆಯ ಹಾಗೆ ಚರ್ಮಕ್ಕೆ ಅಂಟಿಕೊಂಡು ಹರಡುತ್ತದೆ. ಒರೆಸಲು ಕೈ ಒಳಗೆ ಹೋಗುವುದಿಲ್ಲ. ವಾಪಸು ಹೊರಟಾಗ ಸೂರ್ಯ ಮುಳುಗಿದ. ದಾರಿಯಲ್ಲಿ ಒಂದು ಕಡೆ ಮೈ ತಿರುಗಿಸಬೇಕಾಯಿತು. ನೀರು ಕಣ್ಣಿಗೆ, ಆಮೇಲೆ ಮೂಗಿಗೆ ಬಂತು. ಕಿವಿಯಲ್ಲೂ ನೀರು, ಮಾತು ಸರಿಯಾಗಿ ಕೇಳುತ್ತಿಲ್ಲ. ಉಳಿದದ್ದು ಬಾಯಿ ಒಂದೇ. ಇಲ್ಲಿ ಲೆಕ್ಕ ತಿರುವುಮುರುವು. ಏನೋ ಖಾಲಿಯಾಗುತ್ತಿಲ್ಲ, ತುಂಬುತ್ತಿದೆ. ಆದರೂ ಪ್ರಶ್ನೆ ಅದೇ. ಬಾಯಿಗೆ ಇನ್ನೆಷ್ಟು ಉಳಿದಿದೆ?

ಅವರ ಸೊಂಟಕ್ಕೆ ಕಟ್ಟಿದ ತಂತಿ ಸ್ಪ್ರಿಂಗಿನಿಂದ ತಾನೇ ಸುತ್ತಿಕೊಳ್ಳುವಂಥದು. ಅದು ಸಣ್ಣಗೆ ಜಗ್ಗುತ್ತಿರುತ್ತದೆ. ಯಾವ ಕಡೆ ಜಗ್ಗುತ್ತದೋ ಆ ಕಡೆ ಬಾಗಿಲು. ಆ ಜಗ್ಗುವಿಕೆಯನ್ನೇ ಹಿಡಿದು ಕತ್ತಲಲ್ಲಿ ತಡವುತ್ತಾ ಬಂದರು. ಜೊತೆಗಿದ್ದ ಕ್ರಿಸ್ ಕ್ಯಾಸಿಡಿ ಒಳಗೆ ಬಂದು, ಕೋಣೆಗೆ ಗಾಳಿ ತುಂಬುವವರೆಗೆ ಕಾಯುತ್ತಾ, ಅವರ ಕೈ ಅದುಮಿದರು. ಲೂಕಾ ತಿರುಗಿ ಅದುಮಿದರು. ಬದುಕಿದ್ದೇನೆ ಅನ್ನುವುದಕ್ಕೆ ಅಷ್ಟೇ ಗುರುತು.

ನೋಡಿ, ಅದೇ ವರ್ಷದ ಸಿನಿಮಾದಲ್ಲಿ ಒಂದು ಹಗ್ಗ, ಇಲ್ಲದೇ ಇದ್ದ ಎಳೆತವನ್ನು ತೋರಿಸಿತು. ಇಲ್ಲಿ ಒಂದು ತಂತಿ ಇದ್ದಷ್ಟೇ ಎಳೆದು ಮನುಷ್ಯನನ್ನು ಮನೆ ಮುಟ್ಟಿಸಿತು. ನಾನು ಆ ಹಗ್ಗದ ಮೇಲೆ ಯಾಕೆ ಇಷ್ಟು ಸಿಟ್ಟಾಗುತ್ತೇನೆ ಅಂತ ಈಗ ಗೊತ್ತಾಯಿತಲ್ಲ?

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಎರಡನ್ನು ಇಲ್ಲಿ ಬರೆಯುತ್ತೇನೆ.

ಹಿರಿಯರೊಬ್ಬರು ಕೇಳಿದರು. ‘ಸೂಟ್ ಹರಿದರೆ ಮನುಷ್ಯ ಸಿಡಿದುಹೋಗುತ್ತಾನಂತಲ್ಲ, ಹೌದಾ?’ ಇಲ್ಲ ಸರ್, ಅದು ಸಿನಿಮಾದವರ ಉಪಕಾರ. 1966ರಲ್ಲಿ ನಾಸಾದ ಒಂದು ನಿರ್ವಾತ ಕೋಣೆಯಲ್ಲಿ ಸೂಟ್ ಪರೀಕ್ಷೆ ಮಾಡುತ್ತಿದ್ದ ಜಿಮ್ ಲೆಬ್ಲಾಂಕ್ ಅವರ ಗಾಳಿಯ ಪೈಪು ಕಳಚಿಕೊಂಡಿತು. ಹತ್ತು ಹದಿನೈದು ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪಿ ಬಿದ್ದರು. ತಕ್ಷಣ ಗಾಳಿ ತುಂಬಿಸಿದರು, ಬದುಕಿದರು. ಬೀಳುವ ಮುಂಚೆ ನಾಲಿಗೆಯ ಮೇಲೆ ಎಂಜಲು ಗುಳ್ಳೆ ಗುಳ್ಳೆಯಾಗಿ ಕುದಿಯುತ್ತಿದ್ದದ್ದು ಅವರಿಗೆ ನೆನಪಿತ್ತು. ಒತ್ತಡ ಇಲ್ಲದ ಕಡೆ ನೀರು ಮೈಯ ಬಿಸಿಗೇ ಕುದಿಯುತ್ತದೆ. ಸಿಡಿಯುವುದಕ್ಕಿಂತ ಇದು ನನಗೆ ಹೆಚ್ಚು ಹೆದರಿಕೆ.

ಇನ್ನೊಂದು, ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿಯದು. ‘ಹೆಲ್ಮೆಟ್ಟಿಗೆ ಮತ್ತೆ ನೀರು ಬಂದರೆ ಈಗ ಏನು ಮಾಡುತ್ತಾರೆ?’

ಎರಡು ವಸ್ತು ಸೇರಿಸಿದರು ಅಂದೆ. ಒಂದು, ತಲೆಯ ಹಿಂದೆ ನೀರು ಹೀರುವ ಮೆತ್ತೆ. ಆಗಾಗ ತಲೆ ಹಿಂದಕ್ಕೆ ಒತ್ತಿ ನೋಡಬೇಕು, ಮೆತ್ತೆ ಪಿಚಪಿಚ ಅಂದರೆ ವಾಪಸು ಬರಬೇಕು. ಇನ್ನೊಂದು, ಪ್ಲಾಸ್ಟಿಕ್ ಪೈಪಿನ ಒಂದು ತುಂಡು. ಒಂದು ತುದಿ ಬಾಯಿಯ ಹತ್ತಿರ, ಇನ್ನೊಂದು ತುದಿ ಕೆಳಗೆ ಹೊಟ್ಟೆಯ ಹತ್ತಿರ. ಹೆಲ್ಮೆಟ್ ತುಂಬಿಹೋದರೂ ಸೂಟಿನ ಕೆಳಭಾಗದಲ್ಲಿ ಗಾಳಿ ಇರುತ್ತದಲ್ಲ, ಅದನ್ನು ಎಳೆದುಕೊಳ್ಳಬಹುದು.

‘ಬರೀ ಪೈಪಾ?’ ಅಂದಳು.

ಬರೀ ಪೈಪೇ. ಲೂಕಾ ಪರ್ಮಿಟಾನೊ ಅವರು ಆರು ವರ್ಷದ ಮೇಲೆ ಮತ್ತೆ ನಿಲ್ದಾಣಕ್ಕೆ ಹೋದರು. 2019ರ ನವೆಂಬರಿನಿಂದ 2020ರ ಜನವರಿಯೊಳಗೆ ನಾಲ್ಕು ಸಲ ಹೊರಗಿಳಿದರು.